ಮನೆಯ ಸ್ಟೋರೇಜ್ ಸರ್ವರ್‌ಗೆ ಚಿಕ್ಕ ಕ್ಯಾಬಿನೆಟ್: ಕೊಳ್ಳುವ ಮೊದಲು ಏನೇನು ಅಳೆಯಬೇಕು

ಸ್ಟೋರೇಜ್ ಸರ್ವರ್‌ಗೆ ಕ್ಯಾಬಿನೆಟ್ ಹುಡುಕುವಾಗ ಕಣ್ಣು ಮೊದಲು ಹೋಗುವುದು ಎರಡು ಅಂಕಿಗಳ ಮೇಲೆ: ಎಷ್ಟು ಡಿಸ್ಕ್ ಹಿಡಿಯುತ್ತದೆ, ಎಷ್ಟು ಲೀಟರ್ ಗಾತ್ರ. ಇವೆರಡನ್ನೇ ನೋಡಿ ಕೊಂಡರೂ ಡಿಸ್ಕ್‌ಗಳೇನೋ ಒಳಗೆ ಕೂರುತ್ತವೆ. ತಕರಾರು ಶುರುವಾಗುವುದು ಆಮೇಲೆ. ನಡುವಿನ ಡಿಸ್ಕ್ 50 ಡಿಗ್ರಿ ದಾಟುತ್ತದೆ, ಎಸ್‌ಎಂಪಿಎಸ್ (ವಿದ್ಯುತ್ ಒದಗಿಸುವ ಪೆಟ್ಟಿಗೆ) ಕೇಬಲ್‌ಗಳು ಫ್ಯಾನಿನ ಬಾಯಿಗೆ ಅಡ್ಡ ಬರುತ್ತವೆ, ಕೆಟ್ಟ ಒಂದು ಡಿಸ್ಕ್ ತೆಗೆಯಲು ಅರ್ಧ ಯಂತ್ರ ಬಿಚ್ಚಬೇಕಾಗುತ್ತದೆ.

ಗೇಮಿಂಗ್ ಕಂಪ್ಯೂಟರಿಗೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ. ಅಲ್ಲಿ ಶಾಖ ಒಂದೆರಡು ಚಿಪ್‌ಗಳಿಂದ ಬರುತ್ತದೆ, ಅವುಗಳ ಮೇಲೆ ದೊಡ್ಡ ಕೂಲರ್ ಕೂತಿರುತ್ತದೆ. ಇಲ್ಲಿ ಶಾಖ ಒತ್ತೊತ್ತಾಗಿ ಜೋಡಿಸಿದ ಡಿಸ್ಕ್‌ಗಳಿಂದ ಬರುತ್ತದೆ. ಅವಕ್ಕೆ ಕೂಲರ್ ಇಲ್ಲ, ಹಗಲೂ ರಾತ್ರಿ ತಿರುಗುತ್ತಲೇ ಇರುತ್ತವೆ. ಹಾಗಾಗಿ ಚಿಕ್ಕ ಕ್ಯಾಬಿನೆಟ್ ಆರಿಸುವುದೆಂದರೆ ಮುಖ್ಯವಾಗಿ ಡಿಸ್ಕ್‌ಗಳ ನಡುವೆ ಗಾಳಿಗೆ ದಾರಿ ಆರಿಸುವುದು. ಉಳಿದ ಅಳತೆಗಳೆಲ್ಲ ಆ ದಾರಿಗೆ ಅಡ್ಡ ಬರದಂತೆ ನೋಡಿಕೊಳ್ಳುವುದಕ್ಕೆ.

ಮೊದಲು ಡಿಸ್ಕ್ ಲೆಕ್ಕ

ಎಷ್ಟು ಜಾಗ ಬೇಕು ಎಂಬುದನ್ನು ಟೆರಾಬೈಟ್‌ನಲ್ಲಿ ಬರೆದುಕೊಳ್ಳಿ. 8 ಟೆರಾಬೈಟಿನ ನಾಲ್ಕು ಡಿಸ್ಕ್ ಹಾಕಿ ಒಂದರಷ್ಟು ಜಾಗವನ್ನು ಪ್ಯಾರಿಟಿಗೆ (ಕೆಟ್ಟ ಡಿಸ್ಕಿನ ಡೇಟಾ ಮರಳಿ ಪಡೆಯಲು ಇಡುವ ಹೆಚ್ಚುವರಿ ಮಾಹಿತಿಗೆ) ಬಿಟ್ಟರೆ 24 ಟೆರಾಬೈಟ್ ಉಳಿಯುತ್ತದೆ. ಆರು ಡಿಸ್ಕ್ ಹಾಕಿ ಎರಡರಷ್ಟು ಬಿಟ್ಟರೆ 32. ಡಿಸ್ಕ್ ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ಹಲವು ಆಪರೇಟಿಂಗ್ ಸಿಸ್ಟಂಗಳು 1024ರ ಲೆಕ್ಕದಲ್ಲಿ ತೋರಿಸುತ್ತವೆ. ಆದ್ದರಿಂದ 8 ಟೆರಾಬೈಟಿನ ಡಿಸ್ಕ್ ಪರದೆಯ ಮೇಲೆ ಸುಮಾರು 7.3 ಎಂದು ಕಾಣುತ್ತದೆ. ಡಿಸ್ಕಿನಲ್ಲಿ ದೋಷವೇನೂ ಇಲ್ಲ.

ಡಿಸ್ಕ್‌ಗಳ ಆ ಸಂಖ್ಯೆಗೆ ಒಂದು ಬೇ (ಡಿಸ್ಕ್ ಕೂರುವ ಜಾಗ) ಹೆಚ್ಚಿಗೆ ಸೇರಿಸಿ. ಮುಂದೆಂದೋ ಜಾಗ ಬೇಕಾದೀತು ಎಂಬುದಕ್ಕಿಂತ ದೊಡ್ಡ ಕಾರಣ ಇದಕ್ಕಿದೆ. ಡಿಸ್ಕ್‌ಗಳು ಹೆಚ್ಚಾಗಿ ಒಮ್ಮೆಲೇ ಸಾಯುವುದಿಲ್ಲ. ಕೆಲವು ಸೆಕ್ಟರ್ ಓದಲಾಗುತ್ತದೆ, ಕೆಲವು ಆಗುವುದಿಲ್ಲ. ಖಾಲಿ ಬೇ ಇದ್ದರೆ ಹಳೆಯ ಡಿಸ್ಕನ್ನು ಕೀಳದೆ ಪಕ್ಕದಲ್ಲೇ ಹೊಸದನ್ನು ಹಾಕಿ ಬದಲಾಯಿಸಬಹುದು. ಝಡ್‌ಎಫ್‌ಎಸ್‌ನಂಥ ವ್ಯವಸ್ಥೆ (ಡಿಸ್ಕ್‌ಗಳನ್ನು ಗುಂಪು ಮಾಡಿ ಫೈಲ್ ಕಾಯುವ ಸಾಫ್ಟ್‌ವೇರ್) ಹಳೆಯದರಿಂದ ಓದಲಾಗುವುದನ್ನೆಲ್ಲ ಓದಿಕೊಳ್ಳುತ್ತದೆ. ಖಾಲಿ ಬೇ ಇಲ್ಲದಿದ್ದರೆ ಮೊದಲು ಹಳೆಯದನ್ನು ತೆಗೆಯಲೇಬೇಕು, ಅಲ್ಲಿಂದ ಹೊಸದು ತುಂಬಿ ಮುಗಿಯುವವರೆಗೆ ರಕ್ಷಣೆ ಒಂದು ಹಂತ ಕಡಿಮೆ. ಇನ್ನು ಒಂದೊಂದೇ ಡಿಸ್ಕ್ ಸೇರಿಸುತ್ತ ಬೆಳೆಸುವ ಯೋಚನೆ ಇದ್ದವರು ಗಮನಿಸಬೇಕಾದದ್ದು: ರೇಡ್-ಝಡ್ ಗುಂಪಿಗೆ (ಝಡ್‌ಎಫ್‌ಎಸ್‌ನಲ್ಲಿ ಪ್ಯಾರಿಟಿ ಇರುವ ಡಿಸ್ಕ್‌ಗಳ ಗುಂಪು) ಹೀಗೆ ಸೇರಿಸುವ ಸೌಲಭ್ಯ ಓಪನ್ ಝಡ್‌ಎಫ್‌ಎಸ್‌ಗೆ ಬಂದದ್ದು 2025ರ ಜನವರಿಯ 2.3ನೇ ಆವೃತ್ತಿಯಲ್ಲಿ. ಅದಕ್ಕಿಂತ ಹಳೆಯ ಆವೃತ್ತಿಯಲ್ಲಿ ಗುಂಪನ್ನು ಒಮ್ಮೆ ಕಟ್ಟಿದರೆ ಮುಗಿಯಿತು, ಎಲ್ಲ ಬೇಗಳನ್ನೂ ಮೊದಲೇ ಯೋಚಿಸಿರಬೇಕು.

ಕ್ಯಾಬಿನೆಟ್ ವಿವರಣೆಯಲ್ಲಿ ‘8 ಡಿಸ್ಕ್’ ಎಂದಿದ್ದರೆ ಅದರಲ್ಲಿ 3.5 ಇಂಚಿನವು ಎಷ್ಟು, 2.5 ಇಂಚಿನವು ಎಷ್ಟು ಎಂದು ಬಿಡಿಸಿ ನೋಡಿ. ಮುಂದಿನಿಂದ ಎಳೆದು ತೆಗೆಯಬಹುದಾದವು ಎಷ್ಟು ಎಂದೂ ನೋಡಿ. ಜಾನ್ಸ್‌ಬೋ ಎನ್4ರಲ್ಲಿ 3.5 ಇಂಚಿನ ಆರು ಜಾಗಗಳಿವೆ, ಬ್ಯಾಕ್‌ಪ್ಲೇನ್ (ಡಿಸ್ಕ್ ನೇರ ಚುಚ್ಚಿಕೊಳ್ಳುವ ಹಿಂದಿನ ಸರ್ಕ್ಯೂಟ್ ಹಲಗೆ) ಇರುವುದು ನಾಲ್ಕಕ್ಕೆ ಮಾತ್ರ.

ಮದರ್‌ಬೋರ್ಡ್: ಒಂದೇ ಸ್ಲಾಟ್ ಸಾಕೇ?

ಮಿನಿ-ಐಟಿಎಕ್ಸ್ ಬೋರ್ಡ್ 170 × 170 ಮಿ.ಮೀ. ಮೈಕ್ರೋ-ಎಟಿಎಕ್ಸ್ 244 × 244ರವರೆಗೆ ಹೋಗುತ್ತದೆ. ಕ್ಯಾಬಿನೆಟ್ ಗಾತ್ರದಲ್ಲಿ ಇದು ಕೆಲವು ಲೀಟರ್‌ಗಳ ವ್ಯತ್ಯಾಸ ತರುತ್ತದೆ, ಹಾಗಾಗಿ ಚಿಕ್ಕದು ಬೇಕೆನ್ನುವವರು ಕಣ್ಣು ಮುಚ್ಚಿ ಮಿನಿ-ಐಟಿಎಕ್ಸ್ ಕಡೆ ಹೋಗುತ್ತಾರೆ. ಅದರಲ್ಲಿ ಹೆಚ್ಚುವರಿ ಕಾರ್ಡ್ ಚುಚ್ಚುವ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಇರುವುದು ಒಂದೇ. ಡಿಸ್ಕ್ ಜೋಡಿಸುವ ಸಾಟಾ ಪೋರ್ಟ್ ಸಾಮಾನ್ಯವಾಗಿ ನಾಲ್ಕು, ಎಷ್ಟೋ ಬೋರ್ಡ್‌ಗಳಲ್ಲಿ ಎರಡೇ. ಎಂಟು ಡಿಸ್ಕ್ ಬೇಕೆಂದರೆ ಆ ಒಂದು ಸ್ಲಾಟ್ ಡಿಸ್ಕ್ ಕಂಟ್ರೋಲರ್ ಕಾರ್ಡಿಗೆ ಹೋಯಿತು. ನಾಳೆ 10 ಗಿಗಾಬಿಟ್ ನೆಟ್‌ವರ್ಕ್ ಕಾರ್ಡ್ ಬೇಕೆನಿಸಿದರೆ ಜಾಗವಿಲ್ಲ. ನಾಲ್ಕು ಡಿಸ್ಕಿನ ಸರ್ವರ್‌ಗೆ ಮಿನಿ-ಐಟಿಎಕ್ಸ್ ಸರಿಯಾದ ಆಯ್ಕೆ. ಆರು ದಾಟಿದರೆ ಮೈಕ್ರೋ-ಎಟಿಎಕ್ಸ್ ಹಿಡಿಯುವ ಕ್ಯಾಬಿನೆಟ್‌ಗಳನ್ನೂ ಪಟ್ಟಿಗೆ ಸೇರಿಸಿಕೊಳ್ಳುವುದು ಒಳ್ಳೆಯದು.

ಬೋರ್ಡಿನ ಕೈಪಿಡಿಯಲ್ಲಿ ಮೂರು ವಿಷಯ ಹುಡುಕಿ. ಎಂ.2 ಸ್ಲಾಟಿಗೆ ಎಸ್‌ಎಸ್‌ಡಿ ಹಾಕಿದರೆ ಯಾವುದಾದರೂ ಸಾಟಾ ಪೋರ್ಟ್ ಸ್ಥಗಿತವಾಗುತ್ತದೆಯೇ? ಕೆಲವು ಬೋರ್ಡ್‌ಗಳಲ್ಲಿ ಆಗುತ್ತದೆ, ನಾಲ್ಕೆಂದುಕೊಂಡ ಪೋರ್ಟ್ ಮೂರಾಗುತ್ತದೆ. ಎಂ.2 ಸ್ಲಾಟ್ ಬೋರ್ಡಿನ ಹಿಂಬದಿಯಲ್ಲಿದೆಯೇ? ಇದ್ದರೆ, ಬೂಟ್ ಡಿಸ್ಕ್ ಬದಲಿಸಲು ಇಡೀ ಬೋರ್ಡ್ ಹೊರಗೆ ತೆಗೆಯಬೇಕು. ಬೋರ್ಡ್ ತಟ್ಟೆಯ ಹಿಂದೆ ತೂತು ಕೊಟ್ಟಿರುವ ಕ್ಯಾಬಿನೆಟ್ ಆದರೆ ಬದುಕಿದಿರಿ. ಮೂರನೆಯದು ಫ್ಯಾನ್ ಸಾಕೆಟ್‌ಗಳ ಸಂಖ್ಯೆ. ಚಿಕ್ಕ ಬೋರ್ಡ್‌ಗಳಲ್ಲಿ ಪ್ರೊಸೆಸರ್ ಫ್ಯಾನಿಗೆ ಒಂದು, ಕ್ಯಾಬಿನೆಟ್ ಫ್ಯಾನಿಗೆ ಒಂದು ಅಥವಾ ಎರಡು ಇರುತ್ತವೆ. ಸಾಕಾಗದಿದ್ದರೆ ವೈ ಆಕಾರದ ಕೇಬಲ್ ಹಾಕಬಹುದು, ಆದರೆ ಒಂದು ಸಾಕೆಟ್ ಸಾಮಾನ್ಯವಾಗಿ 1 ಆಂಪಿಯರ್‌ವರೆಗೆ ಮಾತ್ರ ಕೊಡುತ್ತದೆ. ಫ್ಯಾನಿನ ಲೇಬಲ್ ಮೇಲೆ ಬರೆದಿರುವ ಆಂಪಿಯರ್‌ಗಳನ್ನು ಕೂಡಿಸಿ ನೋಡಿ.

ಕಂಟ್ರೋಲರ್ ಕಾರ್ಡ್ ಬಗ್ಗೆ ಒಂದು ಎಚ್ಚರಿಕೆ. ಎಲ್‌ಎಸ್‌ಐ 9211-8ಐ, 9207-8ಐ, 9300-8ಐ ತರಹದ ಕಾರ್ಡ್‌ಗಳು ಜೋರಾಗಿ ಗಾಳಿ ಬೀಸುವ ರ‍್ಯಾಕ್ ಸರ್ವರ್‌ಗಳಿಗಾಗಿ ಮಾಡಿದವು. ಅವುಗಳ ಮೇಲಿನ ಹೀಟ್‌ಸಿಂಕ್ ಚಿಕ್ಕದು. ಗಾಳಿಯಾಡದ ಮೂಲೆಯ ಸ್ಲಾಟಿನಲ್ಲಿ ಕೂತರೆ ಕಾರ್ಡ್ ಕಾದು ಹೋಗಿ, ಕೆಲಸದ ಭಾರ ಹೆಚ್ಚಿದಾಗ ಒಂದೇ ಸಲ ಹಲವು ಡಿಸ್ಕ್‌ಗಳು ಕಾಣೆಯಾಗುತ್ತವೆ. ಒಂದು ಡಿಸ್ಕ್ ಮಾಯವಾದರೆ ಡಿಸ್ಕ್ ಮೇಲೆ ಅನುಮಾನ ಪಡಿ. ಒಮ್ಮೆಗೇ ನಾಲ್ಕು ಮಾಯವಾದರೆ ಕಾರ್ಡ್, ಕೇಬಲ್ ಅಥವಾ ವಿದ್ಯುತ್ ಕಡೆ ನೋಡಿ. ಹೀಟ್‌ಸಿಂಕ್ ಮೇಲೆ 40 ಮಿ.ಮೀ. ಫ್ಯಾನ್ ಒಂದನ್ನು ಕಟ್ಟಲು ಜಾಗವಿದೆಯೇ ಎಂದು ಮೊದಲೇ ಅಳೆಯಿರಿ. ಅರ್ಧ ಎತ್ತರದ ಕಾರ್ಡ್ ಮಾತ್ರ ಹಿಡಿಯುವ ಕ್ಯಾಬಿನೆಟ್ ಆದರೆ ಕಾರ್ಡಿನ ಜೊತೆ ಚಿಕ್ಕ ಬ್ರಾಕೆಟ್ ಬರುತ್ತದೆಯೇ ಎಂದು ಕೇಳಿ ಕೊಳ್ಳಿ.

ಎಸ್‌ಎಂಪಿಎಸ್

ಸಾಮಾನ್ಯ ಎಟಿಎಕ್ಸ್ ಎಸ್‌ಎಂಪಿಎಸ್ 150 ಮಿ.ಮೀ. ಅಗಲ, 86 ಎತ್ತರ, 140 ಅಥವಾ ಹೆಚ್ಚು ಉದ್ದ. ಎಸ್‌ಎಫ್‌ಎಕ್ಸ್ 125 × 63.5 × 100. ಎಸ್‌ಎಫ್‌ಎಕ್ಸ್-ಎಲ್ ಅಷ್ಟೇ ಅಗಲ, ಅಷ್ಟೇ ಎತ್ತರ, ಉದ್ದ ಮಾತ್ರ 130. ಕ್ಯಾಬಿನೆಟ್ ವಿವರಣೆಯಲ್ಲಿ ‘ಎಸ್‌ಎಫ್‌ಎಕ್ಸ್’ ಎಂದಷ್ಟೇ ಇದ್ದರೆ ಎಲ್ ಮಾದರಿ ಹಿಡಿಯುತ್ತದೆಂದು ನಂಬಬೇಡಿ. ಎಟಿಎಕ್ಸ್ ಹಿಡಿಯುವ ಚಿಕ್ಕ ಕ್ಯಾಬಿನೆಟ್‌ಗಳಲ್ಲೂ ಉದ್ದಕ್ಕೆ ಮಿತಿಯಿದೆ: ಫ್ರ್ಯಾಕ್ಟಲ್ ಡಿಸೈನ್ ನೋಡ್ 304ರಲ್ಲಿ 160 ಮಿ.ಮೀ. ಮಾಡ್ಯುಲರ್ (ಕೇಬಲ್ ಬಿಚ್ಚಿ ಹಾಕಬಹುದಾದ) ಎಸ್‌ಎಂಪಿಎಸ್ ಆದರೆ ಕೇಬಲ್ ಪ್ಲಗ್‌ಗಳು ಹಿಂದೆ ಇನ್ನೂ ಒಂದಿಂಚು ಚಾಚಿಕೊಳ್ಳುತ್ತವೆ. ಹಾಗಾಗಿ 160ರ ಮಿತಿಯಲ್ಲಿ 140ರದನ್ನು ಕೊಂಡರೆ ಕೈಯಾಡಿಸಲು ಜಾಗ ಸಿಗುತ್ತದೆ.

ವ್ಯಾಟ್ ಲೆಕ್ಕವನ್ನು ಜನ ಎರಡೂ ಕಡೆ ತಪ್ಪು ಮಾಡುತ್ತಾರೆ. 3.5 ಇಂಚಿನ ಡಿಸ್ಕ್ ತಿರುಗುತ್ತಿರುವಾಗ 5ರಿಂದ 8 ವ್ಯಾಟ್ ಸಾಕು. ಆದರೆ ನಿಂತಲ್ಲಿಂದ ವೇಗ ಹಿಡಿಯುವ ಕೆಲವು ಸೆಕೆಂಡು 12 ವೋಲ್ಟ್ ತಂತಿಯಲ್ಲಿ 2 ಆಂಪಿಯರ್ ಹತ್ತಿರ ಎಳೆಯುತ್ತದೆ, ಅಂದರೆ 25 ವ್ಯಾಟ್ ಆಸುಪಾಸು. ಎಂಟು ಡಿಸ್ಕ್ ಒಟ್ಟಿಗೆ ಎದ್ದರೆ 200 ವ್ಯಾಟ್. ಬೋರ್ಡ್, ಪ್ರೊಸೆಸರ್‌ಗೆ ಇನ್ನೊಂದು 60 ಸೇರಿಸಿ. ಒಳ್ಳೆಯ ಗುಣಮಟ್ಟದ 400ರಿಂದ 450 ವ್ಯಾಟಿನ ಎಸ್‌ಎಂಪಿಎಸ್ ಆರಾಮವಾಗಿ ಹೊರುತ್ತದೆ. 750 ವ್ಯಾಟಿನದು ಬೇಡ: ಈ ಸರ್ವರ್ ದಿನವಿಡೀ ಎಳೆಯುವುದು 70-80 ವ್ಯಾಟ್, ಸಾಮರ್ಥ್ಯದ ಹತ್ತನೇ ಒಂದು ಭಾಗದಲ್ಲಿ ಓಡುವ ಎಸ್‌ಎಂಪಿಎಸ್‌ನ ದಕ್ಷತೆ ಕುಸಿಯುತ್ತದೆ.

ಒಟ್ಟು ವ್ಯಾಟಿಗಿಂತ ಮುಖ್ಯವಾದದ್ದು ಅದು ಯಾವ ತಂತಿಯಲ್ಲಿ ಹರಿಯುತ್ತದೆ ಎಂಬುದು. ಒಂದು ಸಾಟಾ ಪವರ್ ಕನೆಕ್ಟರ್‌ನಲ್ಲಿ 12 ವೋಲ್ಟಿಗೆ ಮೂರು ಪಿನ್, ತಲಾ 1.5 ಆಂಪಿಯರ್, ಒಟ್ಟು 4.5. ಅಂದರೆ ಒಂದು ಸಾಟಾ ಕನೆಕ್ಟರಿನಿಂದ ಕವಲೊಡೆಸಿ ಎರಡು ಡಿಸ್ಕಿಗೆ ಕೊಡಬಹುದು. ಮೂರನೆಯದಕ್ಕೆ ಕೊಟ್ಟರೆ ಎದ್ದೇಳುವ ಹೊತ್ತಿಗೆ ಪಿನ್‌ಗಳು ಬಿಸಿಯಾಗುತ್ತವೆ. ಬ್ಯಾಕ್‌ಪ್ಲೇನ್‌ನಲ್ಲಿ ಎರಡು ಮೋಲೆಕ್ಸ್ (ಹಳೆಯ ನಾಲ್ಕು ಪಿನ್ನಿನ ಪವರ್ ಕನೆಕ್ಟರ್) ಸಾಕೆಟ್ ಇದ್ದರೆ ಎಸ್‌ಎಂಪಿಎಸ್‌ನಿಂದ ಎರಡು ಬೇರೆ ಬೇರೆ ಕೇಬಲ್ ತನ್ನಿ. ಒಂದೇ ಕೇಬಲ್‌ನ ಎರಡು ತಲೆಗಳನ್ನು ಎರಡೂ ಸಾಕೆಟ್‌ಗೆ ಹಾಕಿದರೆ ಎಂಟು ಡಿಸ್ಕಿನ 16 ಆಂಪಿಯರ್ ಒಂದೇ ತಂತಿಯಲ್ಲಿ ಹರಿಯುತ್ತದೆ, ಎರಡು ಸಾಕೆಟ್ ಕೊಟ್ಟ ಉದ್ದೇಶವೇ ಹಾಳು.

ಮೋಲೆಕ್ಸ್‌ನಿಂದ ಸಾಟಾಗೆ ಬದಲಿಸುವ ಅಡಾಪ್ಟರುಗಳಲ್ಲಿ ಎರಡು ಬಗೆ. ತಂತಿಗಳನ್ನು ಒಟ್ಟಿಗಿಟ್ಟು ಮೇಲೆ ಪ್ಲಾಸ್ಟಿಕ್ ಎರಕ ಹೊಯ್ದದ್ದು ಒಂದು. ಒಳಗೆ ತಂತಿಗಳು ಎಷ್ಟು ಹತ್ತಿರವಿವೆ ಎಂದು ಹೊರಗಿನಿಂದ ಕಾಣುವುದಿಲ್ಲ. ಇವು ಒಳಗೇ ಶಾರ್ಟ್ ಆಗಿ ಕರಗಿದ, ಬೆಂಕಿ ಹೊತ್ತಿದ ಪ್ರಕರಣಗಳು ಸಾಕಷ್ಟಿವೆ. ಇನ್ನೊಂದರಲ್ಲಿ ಪ್ರತಿ ತಂತಿಗೂ ಪ್ರತ್ಯೇಕ ಲೋಹದ ಹಿಡಿಕೆ ಇದ್ದು, ಹಿಂದಿನ ಮುಚ್ಚಳ ತೆಗೆದರೆ ಕಾಣುತ್ತದೆ. ಅಡಾಪ್ಟರ್ ಅನಿವಾರ್ಯವಾದರೆ ಎರಡನೆಯದನ್ನೇ ತನ್ನಿ. ಮಾಡ್ಯುಲರ್ ಕೇಬಲ್ ಅಂತೂ ಒಂದು ಎಸ್‌ಎಂಪಿಎಸ್‌ನದನ್ನು ಇನ್ನೊಂದಕ್ಕೆ ಎಂದೂ ಹಾಕಬೇಡಿ. ಪ್ಲಗ್ ಸರಿಯಾಗಿ ಕೂತರೂ ಒಳಗಿನ ಪಿನ್ ಜೋಡಣೆ ಬೇರೆಯಿರಬಹುದು. 5 ವೋಲ್ಟಿನ ಜಾಗದಲ್ಲಿ 12 ಬಂದರೆ ಆ ಕೇಬಲ್‌ನಲ್ಲಿರುವ ಎಲ್ಲ ಡಿಸ್ಕ್‌ಗಳೂ ಒಂದೇ ಕ್ಷಣದಲ್ಲಿ ಹೋಗುತ್ತವೆ, ಪ್ಯಾರಿಟಿ ಆಗ ಯಾವ ಕೆಲಸಕ್ಕೂ ಬಾರದು.

ಗಾಳಿಯ ದಾರಿ

3.5 ಇಂಚಿನ ಡಿಸ್ಕಿನ ನಿಜವಾದ ಅಳತೆ 147 × 101.6 × 26.1 ಮಿ.ಮೀ. ದೊಡ್ಡ ಸಾಮರ್ಥ್ಯದವೆಲ್ಲ ಪೂರ್ತಿ 26.1 ದಪ್ಪ ಇರುತ್ತವೆ. ಒಂದರ ಮಧ್ಯದಿಂದ ಇನ್ನೊಂದರ ಮಧ್ಯಕ್ಕೆ ಇರುವ ದೂರದಿಂದ 26 ಕಳೆದರೆ ಉಳಿದದ್ದು ಗಾಳಿಗೆ. 5 ಮಿ.ಮೀ. ಇದ್ದರೆ ಒಳ್ಳೆಯ ಒತ್ತಡದ ಫ್ಯಾನ್‌ನಿಂದ ಕೆಲಸ ನಡೆಯುತ್ತದೆ. 8-10 ಇದ್ದರೆ ನಿಧಾನದ ಫ್ಯಾನ್ ಸಾಕು. 3ಕ್ಕಿಂತ ಕಡಿಮೆ ಇದ್ದರೆ ಆ ಕ್ಯಾಬಿನೆಟ್ ಎಷ್ಟೇ ಚೆಂದವಿದ್ದರೂ ಬಿಟ್ಟುಬಿಡಿ. ಈ ಅಂತರವನ್ನು ತಯಾರಕರು ಬರೆಯುವುದು ಅಪರೂಪ. ಡಿಸ್ಕ್ ಪಂಜರದ ನೇರ ಮುಂಭಾಗದ ಚಿತ್ರ ಸಿಕ್ಕರೆ ಟ್ರೇಗಳ ಅಗಲವನ್ನು ಅನುಪಾತದಲ್ಲಿ ಅಳೆಯಬಹುದು.

ಮುಂದಿನ ಪ್ರಶ್ನೆ: ಫ್ಯಾನ್ ಆ ಸಂದುಗಳಿಗೆ ಎದುರಾಗಿದೆಯೇ? ಗಾಳಿ ಯಾವಾಗಲೂ ಸುಲಭದ ದಾರಿ ಹಿಡಿಯುತ್ತದೆ. ಡಿಸ್ಕ್ ಪಂಜರದ ಪಕ್ಕದಲ್ಲಿ ಎರಡು ಬೆರಳಗಲ ತೆರೆದ ಜಾಗವಿದ್ದರೆ ಫ್ಯಾನ್ ಬೀಸಿದ್ದೆಲ್ಲ ಅಲ್ಲಿಂದ ಜಾರಿಹೋಗುತ್ತದೆ, ಡಿಸ್ಕ್‌ಗಳ ನಡುವೆ ಒಂದು ಎಳೆಯೂ ಹಾಯುವುದಿಲ್ಲ. ಸಿಲ್ವರ್‌ಸ್ಟೋನ್ ಡಿಎಸ್380ರಲ್ಲಿ 120 ಮಿ.ಮೀ. ಫ್ಯಾನುಗಳು ಮೂರಿವೆ, ಎರಡು ಪಕ್ಕದಿಂದ ಪಂಜರದ ಕಡೆ ಬೀಸುತ್ತವೆ. ಆದರೂ ಅದನ್ನು ಬಳಸುವವರು ಫ್ಯಾನ್ ಮತ್ತು ಪಂಜರದ ನಡುವೆ ರಟ್ಟಿನ ತುಂಡು ಅಂಟಿಸಿ ಗಾಳಿಯನ್ನು ಸಂದುಗಳೊಳಗೆ ತಳ್ಳುವುದು ಮಾಮೂಲು. ರಟ್ಟು, ಫೋಮ್ ಪಟ್ಟಿ, ಅಗಲ ಟೇಪ್ ಬಳಸುವುದಕ್ಕೆ ಸಂಕೋಚ ಬೇಡ. ಎಷ್ಟೋ ಸಲ ಇನ್ನೊಂದು ಫ್ಯಾನ್ ಸೇರಿಸುವುದಕ್ಕಿಂತ ಒಂದು ಸಂದು ಮುಚ್ಚುವುದರಿಂದ ಹೆಚ್ಚು ತಂಪು ಸಿಗುತ್ತದೆ.

ಕ್ಯಾಬಿನೆಟ್ ಕೈಗೆ ಬಂದ ಮೇಲೆ ಪರೀಕ್ಷಿಸುವುದು ಸುಲಭ. ಎಲ್ಲ ಬೇಗಳಲ್ಲಿ ಡಿಸ್ಕ್ ಇಟ್ಟು, ಪಕ್ಕದ ಹಲಗೆ ಮುಚ್ಚಿ, ಫ್ಯಾನ್ ಓಡಿಸಿ. ಟಿಶ್ಯೂ ಪೇಪರ್‌ನ ತೆಳು ಪಟ್ಟಿಯನ್ನು ಡಿಸ್ಕ್‌ಗಳ ಮುಂದೆ ಒಂದೊಂದೇ ಸಂದಿಗೆ ಹಿಡಿಯುತ್ತ ಹೋಗಿ. ಪಟ್ಟಿ ಒಳಗೆ ಎಳೆದುಕೊಂಡರೆ ಆ ಸಂದಿನಲ್ಲಿ ಗಾಳಿಯಿದೆ, ಅಲುಗದೆ ನಿಂತರೆ ಇಲ್ಲ. ಹೆಚ್ಚಾಗಿ ಅಂಚಿನ ಎರಡು ಡಿಸ್ಕ್‌ಗಳೋ ನಡುವಿನ ಒಂದೋ ಗಾಳಿಯಿಲ್ಲದೆ ಉಳಿದಿರುತ್ತವೆ. ಪಕ್ಕದ ಹಲಗೆ ತೆಗೆದಿಟ್ಟು ಪರೀಕ್ಷೆ ಮಾಡಿದರೆ ಫಲಿತಾಂಶವೇ ಸುಳ್ಳು.

ಫ್ಯಾನ್ ಗಾತ್ರದಲ್ಲಿ 120 ಅಥವಾ 140 ಮಿ.ಮೀ. ಇರುವುದನ್ನೇ ಆರಿಸಿ, ನಿಮಿಷಕ್ಕೆ 800ರಿಂದ 1000 ಸುತ್ತು ತಿರುಗಿದರೆ ಸದ್ದು ಕೇಳುವುದೇ ಇಲ್ಲ. ಅಷ್ಟೇ ಗಾಳಿಗೆ 80 ಮಿ.ಮೀ. ಫ್ಯಾನ್ ಬಹಳ ವೇಗವಾಗಿ ತಿರುಗಿ ಕಿರಿಕಿರಿ ಮಾಡುತ್ತದೆ. ಅಪರೂಪದ ಗಾತ್ರಗಳ ವಿಷಯದಲ್ಲಿ ಹುಷಾರು: ಜಾನ್ಸ್‌ಬೋ ಎನ್3ರ ಡಿಸ್ಕ್ ಭಾಗಕ್ಕೆ 100 ಮಿ.ಮೀ. ಫ್ಯಾನುಗಳು ಬರುತ್ತವೆ, ಅವು ಕೆಟ್ಟರೆ ಅದೇ ಗಾತ್ರದ ಒಳ್ಳೆಯವು ಸಿಗುವುದು ಕಷ್ಟ. ದಪ್ಪವನ್ನೂ ನೋಡಿ. 25 ಮಿ.ಮೀ. ದಪ್ಪದ ಫ್ಯಾನಿಗೆ ಒತ್ತಡ ಹೆಚ್ಚು. 15ರ ತೆಳು ಫ್ಯಾನ್ ತೆರೆದ ಜಾಗದಲ್ಲಿ ಚೆನ್ನಾಗಿ ಬೀಸಿದರೂ ಕಿರಿದಾದ ಸಂದುಗಳ ಎದುರು ಸೋಲುತ್ತದೆ. ಪೆಟ್ಟಿಗೆಯಲ್ಲಿ ತೆಳು ಫ್ಯಾನ್ ಬಂದಿದ್ದರೆ 25ರದನ್ನು ಹಾಕಲು ಜಾಗವಿದೆಯೇ ಎಂದು ಅಳೆದಿಟ್ಟುಕೊಳ್ಳಿ.

ತಾಪಮಾನ ಎಷ್ಟಿರಬೇಕು? ಡಿಸ್ಕ್ ತಯಾರಕರ ಮಿತಿ ಸಾಮಾನ್ಯವಾಗಿ 60 ಅಥವಾ 65 ಡಿಗ್ರಿ. ಅದು ಮುಟ್ಟಬಾರದ ಗೆರೆ, ಗುರಿಯಲ್ಲ. ದಿನನಿತ್ಯ 30ರಿಂದ 40, ಭಾರೀ ಕೆಲಸದಲ್ಲಿ 45ರ ಒಳಗೆ ಇದ್ದರೆ ನೆಮ್ಮದಿ. ಇಲ್ಲಿ ಎಲ್ಲರೂ ಎಡವುವ ಒಂದು ವಿಷಯವಿದೆ: ಮದರ್‌ಬೋರ್ಡಿನ ಫ್ಯಾನ್ ನಿಯಂತ್ರಣ ನೋಡುವುದು ಪ್ರೊಸೆಸರ್ ತಾಪಮಾನವನ್ನು. ಸ್ಟೋರೇಜ್ ಸರ್ವರ್‌ನಲ್ಲಿ ಪ್ರೊಸೆಸರ್ ಬಹುತೇಕ ನಿದ್ದೆಯಲ್ಲಿರುತ್ತದೆ. ಡಿಸ್ಕ್‌ಗಳು ಬೇಯುತ್ತಿದ್ದರೂ ಬೋರ್ಡ್ ‘ಎಲ್ಲ ತಂಪಾಗಿದೆ’ ಎಂದುಕೊಂಡು ಫ್ಯಾನನ್ನು ನಿಧಾನ ಮಾಡುತ್ತದೆ. ಬಯೋಸ್‌ನಲ್ಲಿ ಡಿಸ್ಕ್ ಫ್ಯಾನಿನ ಕನಿಷ್ಠ ವೇಗವನ್ನು ಶೇ 40-50ಕ್ಕೆ ಕಟ್ಟಿಬಿಡುವುದು ಸರಳ ಪರಿಹಾರ. ಲಿನಕ್ಸ್ ಬಳಸುವವರಿಗೆ ಇನ್ನೊಂದು ದಾರಿಯಿದೆ: ಕರ್ನಲ್ 5.6ರಿಂದ ಇರುವ ಡ್ರೈವ್‌ಟೆಂಪ್ ಮಾಡ್ಯೂಲ್ ಡಿಸ್ಕ್‌ಗಳ ತಾಪಮಾನವನ್ನು ಉಳಿದ ಸೆನ್ಸರ್‌ಗಳ ಜೊತೆಗೇ ತೋರಿಸುತ್ತದೆ, ಫ್ಯಾನ್ ನಿಯಂತ್ರಿಸುವ ಪ್ರೋಗ್ರಾಂಗೆ ಅದನ್ನೇ ಆಧಾರವಾಗಿ ಕೊಡಬಹುದು.

ಕೂಲರ್ ಎತ್ತರ

ಪ್ರೊಸೆಸರ್ ಕೂಲರ್‌ಗೆ ಸಿಗುವ ಎತ್ತರ ಕ್ಯಾಬಿನೆಟ್‌ಗಳ ನಡುವೆ ವಿಪರೀತ ಬದಲಾಗುತ್ತದೆ. ಡಿಎಸ್380ರಲ್ಲಿ 57 ಮಿ.ಮೀ., ಜಾನ್ಸ್‌ಬೋ ಎನ್2ರಲ್ಲಿ 65, ಎನ್3ರಲ್ಲಿ 130, ನೋಡ್ 304ರಲ್ಲಿ 165. ಎಎಂಡಿಯ ಪ್ರೊಸೆಸರ್ ಜೊತೆ ಬರುವ ವ್ರೈತ್ ಸ್ಟೆಲ್ತ್ 54 ಮಿ.ಮೀ.; 57ರ ಜಾಗದಲ್ಲಿ ಕೂರುತ್ತದೆ, ಆದರೆ ಮೇಲಿನ 3 ಮಿ.ಮೀ. ಸಂದಿನಿಂದ ಗಾಳಿ ಹೀರಲು ಫ್ಯಾನ್ ತಿಣುಕಾಡುತ್ತದೆ. ಅಂಥ ಕಡೆ 37 ಮಿ.ಮೀ. ಎತ್ತರದ ನೊಕ್ಟುವಾ ಎನ್ಎಚ್-ಎಲ್9ಐ ಅಥವಾ ಎಲ್9ಎ ತರಹದ್ದು ತಣ್ಣಗೆ ಓಡುತ್ತದೆ.

ಸ್ಕ್ರೂ ತೂತುಗಳು, ಅದುರು

6 ಟೆರಾಬೈಟ್ ಮತ್ತು ಅದಕ್ಕೂ ಮೇಲಿನ ಹಲವು ಡಿಸ್ಕ್‌ಗಳಲ್ಲಿ, ವಿಶೇಷವಾಗಿ ಹೀಲಿಯಂ ತುಂಬಿದವುಗಳಲ್ಲಿ, ಅಡಿಭಾಗದ ನಡುವಿನ ಸ್ಕ್ರೂ ತೂತು ಇರುವುದಿಲ್ಲ. ಒಳಗೆ ತಟ್ಟೆಗಳಿಗೆ ಜಾಗ ಮಾಡಲು ಅದನ್ನು ಅಂಚಿಗೆ ಸರಿಸಿದ್ದಾರೆ. ಹಳೆಯ ವಿನ್ಯಾಸದ ಟ್ರೇ ನಡುವಿನ ತೂತನ್ನೇ ನಂಬಿರುತ್ತದೆ. ಅಂಥ ಟ್ರೇಯಲ್ಲಿ ಹೊಸ ಡಿಸ್ಕ್ ನಾಲ್ಕರ ಬದಲು ಎರಡೇ ಸ್ಕ್ರೂ ಮೇಲೆ ನೇತಾಡುತ್ತದೆ. ಮಾರುಕಟ್ಟೆಯಲ್ಲಿ ಬಹಳ ವರ್ಷದಿಂದ ಇರುವ ಕ್ಯಾಬಿನೆಟ್ ಕೊಳ್ಳುವಾಗ ಟ್ರೇಯ ಚಿತ್ರವನ್ನೂ ನಿಮ್ಮ ಡಿಸ್ಕಿನ ತಾಂತ್ರಿಕ ಚಿತ್ರವನ್ನೂ ಪಕ್ಕಪಕ್ಕ ಇಟ್ಟು ನೋಡಿ.

3.5 ಇಂಚಿನ ಡಿಸ್ಕಿಗೆ ದಪ್ಪ ಮರೆಯ (ಸ್ಕ್ರೂ ಮೇಲಿನ ಸುರುಳಿ ಗೆರೆ) 6-32 ಸ್ಕ್ರೂ, 2.5 ಇಂಚಿನದಕ್ಕೆ ಸಣ್ಣ ಮರೆಯ ಎಂ3. ಒಂದರ ಬದಲು ಇನ್ನೊಂದನ್ನು ಬಲವಂತವಾಗಿ ತಿರುಗಿಸಿದರೆ ಡಿಸ್ಕಿನ ಮರೆ ಕೊಯ್ದುಹೋಗುತ್ತದೆ.

ಹಲವು ಡಿಸ್ಕ್ ಒಂದೇ ತೆಳು ತಗಡಿಗೆ ಬಿಗಿದಿದ್ದರೆ ಒಂದರ ಅದುರು ಇನ್ನೊಂದಕ್ಕೆ ದಾಟುತ್ತದೆ. ಓದುವ ತಲೆ ಗುರಿ ತಪ್ಪಿ ಮತ್ತೆ ಮತ್ತೆ ಪ್ರಯತ್ನಿಸುತ್ತದೆ, ವೇಗ ಕುಸಿಯುತ್ತದೆ, ಜೊತೆಗೆ ಇಡೀ ಪೆಟ್ಟಿಗೆ ಗುಂಯ್ ಎನ್ನುತ್ತದೆ. ಟ್ರೇಗೂ ಡಿಸ್ಕಿಗೂ ನಡುವೆ ರಬ್ಬರ್ ಬಳೆ ಇರುವ ವಿನ್ಯಾಸ ಇದ್ದರೆ ಅದಕ್ಕೆ ಒಂದು ಅಂಕ ಹೆಚ್ಚು ಕೊಡಿ. ಮಲಗುವ ಕೋಣೆಯಲ್ಲಿ ಇಡುವುದಾದರೆ ಎರಡು ಅಂಕ.

ಬ್ಯಾಕ್‌ಪ್ಲೇನ್ ಬೇಕೇ?

ಮುಂದಿನಿಂದ ಟ್ರೇ ಎಳೆದರೆ ಡಿಸ್ಕ್ ಹೊರಬರುವ ವ್ಯವಸ್ಥೆಗೆ ಹಿಂದೆ ಒಂದು ಸರ್ಕ್ಯೂಟ್ ಹಲಗೆ ಬೇಕು, ಅದೇ ಬ್ಯಾಕ್‌ಪ್ಲೇನ್. ಕೇಬಲ್ ಗೊಂದಲ ಕಡಿಮೆ, ಡಿಸ್ಕ್ ಬದಲಿಸುವುದು ಎರಡು ನಿಮಿಷದ ಕೆಲಸ. ಬದಲಿಗೆ ಕೊಡಬೇಕಾದದ್ದು: ಆ ಹಲಗೆ ಗಾಳಿಗೆ ಗೋಡೆಯಾಗಿ ನಿಲ್ಲುತ್ತದೆ. ಅದರಲ್ಲಿ ದೊಡ್ಡ ತೂತುಗಳಿವೆಯೇ ಎಂದು ನೋಡಲೇಬೇಕು. ವರ್ಷಕ್ಕೊಮ್ಮೆಯೂ ಮುಟ್ಟದ ನಾಲ್ಕು ಡಿಸ್ಕಿನ ಸರ್ವರ್‌ಗೆ ಬ್ಯಾಕ್‌ಪ್ಲೇನ್ ಇಲ್ಲದ ತೆರೆದ ಪಂಜರವೇ ಮೇಲು. ಆರೇಳು ದಾಟಿದರೆ ಕೇಬಲ್‌ಗಳೇ ಗೋಡೆಯಾಗುತ್ತವೆ, ಆಗ ಬ್ಯಾಕ್‌ಪ್ಲೇನ್ ಗೆಲ್ಲುತ್ತದೆ.

ಬ್ಯಾಕ್‌ಪ್ಲೇನ್‌ನ ಹಿಂದೆ ಪ್ರತಿ ಡಿಸ್ಕಿಗೂ ಒಂದು ಸಾಟಾ ಸಾಕೆಟ್ ಇರಬಹುದು, ಅಥವಾ ನಾಲ್ಕಕ್ಕೊಂದು ಮಿನಿ-ಎಸ್‌ಎಎಸ್ ಸಾಕೆಟ್ ಇರಬಹುದು. ಎರಡನೆಯದಾದರೆ ಕೇಬಲ್ ಕೊಳ್ಳುವಾಗ ದಿಕ್ಕು ನೋಡಿ. ಕಾರ್ಡಿನ ಮಿನಿ-ಎಸ್‌ಎಎಸ್‌ನಿಂದ ನಾಲ್ಕು ಡಿಸ್ಕಿಗೆ ಹೋಗುವುದು ಫಾರ್ವರ್ಡ್ ಬ್ರೇಕ್‌ಔಟ್. ಮದರ್‌ಬೋರ್ಡಿನ ನಾಲ್ಕು ಸಾಟಾ ಪೋರ್ಟ್‌ಗಳಿಂದ ಬ್ಯಾಕ್‌ಪ್ಲೇನ್‌ನ ಮಿನಿ-ಎಸ್‌ಎಎಸ್‌ಗೆ ಹೋಗುವುದು ರಿವರ್ಸ್ ಬ್ರೇಕ್‌ಔಟ್. ನೋಡಲು ಎರಡೂ ಒಂದೇ, ಪ್ಲಗ್‌ಗಳೂ ಅವೇ. ತಪ್ಪಾದದ್ದನ್ನು ಹಾಕಿದರೆ ಏನೂ ಸುಡುವುದಿಲ್ಲ, ಒಂದು ಡಿಸ್ಕೂ ಕಾಣಿಸಿಕೊಳ್ಳುವುದಿಲ್ಲ ಅಷ್ಟೇ.

ಹೊರಗಿನ ಯುಎಸ್‌ಬಿ ಪೆಟ್ಟಿಗೆಯಿಂದ ಬಿಚ್ಚಿ ತಂದ ಡಿಸ್ಕ್ ಅಥವಾ ಡೇಟಾ ಸೆಂಟರ್ ಡಿಸ್ಕ್ ಬಳಸುವವರಿಗೆ ಇನ್ನೊಂದು ಒಗಟು ಎದುರಾಗುತ್ತದೆ: ಡಿಸ್ಕ್ ತಿರುಗುವುದೇ ಇಲ್ಲ. ಸಾಟಾ ಪವರ್‌ನ ಮೂರನೇ ಪಿನ್ ಮೊದಲು 3.3 ವೋಲ್ಟಿನದಾಗಿತ್ತು. ಹೊಸ ನಿಯಮದಲ್ಲಿ ಅದೇ ಪಿನ್ ಡಿಸ್ಕನ್ನು ಆಫ್ ಮಾಡುವ ಸಂಕೇತ. ಎಸ್‌ಎಂಪಿಎಸ್ ಅಲ್ಲಿ 3.3 ವೋಲ್ಟ್ ಕೊಡುತ್ತಿದ್ದರೆ ಡಿಸ್ಕ್ ಅದನ್ನು ‘ಆಫ್ ಆಗು’ ಎಂಬ ಆಜ್ಞೆ ಎಂದು ತಿಳಿದು ಸುಮ್ಮನಿರುತ್ತದೆ. ಮೋಲೆಕ್ಸ್ ಕನೆಕ್ಟರಿನಲ್ಲಿ 12 ಮತ್ತು 5 ವೋಲ್ಟ್ ಮಾತ್ರ ಇರುವುದರಿಂದ ಮೋಲೆಕ್ಸ್‌ನಿಂದಲೇ ಓಡುವ ಬ್ಯಾಕ್‌ಪ್ಲೇನ್‌ನಲ್ಲಿ ಈ ಸಮಸ್ಯೆ ಸಾಮಾನ್ಯವಾಗಿ ಬರುವುದಿಲ್ಲ. ನೇರ ಸಾಟಾ ಕೇಬಲ್ ಆದರೆ ಡಿಸ್ಕಿನ ಮೂರನೇ ಪಿನ್ ಮೇಲೆ ಕ್ಯಾಪ್ಟನ್ ಟೇಪ್‌ನ (ವಿದ್ಯುತ್ ಹರಿಯಗೊಡದ, ಶಾಖ ತಡೆಯುವ ಟೇಪ್) ಸಣ್ಣ ಪಟ್ಟಿ ಅಂಟಿಸಿ.

ಇಡುವ ಜಾಗ

ಹೊರ ಅಳತೆಗಳನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ ಸಾವಿರದಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ. ಎನ್2 ಸುಮಾರು 11 ಲೀಟರ್, ಎನ್3 18, ನೋಡ್ 304 19.6, ಡಿಎಸ್380 21.6. ಆದರೆ ಶೆಲ್ಫಿನಲ್ಲಿ ಹಿಡಿಯುತ್ತದೆಯೇ ಎಂಬುದನ್ನು ಲೀಟರ್ ಹೇಳುವುದಿಲ್ಲ. ನೋಡ್ 304ರ ಆಳ 374 ಮಿ.ಮೀ. ಇದೆ, ಎನ್2 ಮೂರೂ ಕಡೆ 225ರ ಒಳಗೆ. ಹಿಂದೆ ಕೇಬಲ್ ಬಾಗಲು 60-70 ಮಿ.ಮೀ. ಸೇರಿಸಿ. ಮುಂದಿನಿಂದ ಟ್ರೇ ಎಳೆಯುವಂಥದ್ದಾದರೆ ಎದುರಿಗೆ ಕನಿಷ್ಠ 200 ಮಿ.ಮೀ. ಖಾಲಿ ಬೇಕು. ಬಾಗಿಲು ಮುಚ್ಚಿದ ಕಪಾಟಿನಲ್ಲಿ ಇಡುವ ಯೋಚನೆ ಬಿಡಿ. 70 ವ್ಯಾಟ್ ಶಾಖ ಅಲ್ಲೇ ಸುತ್ತಿ ಮತ್ತೆ ಫ್ಯಾನಿನ ಬಾಯಿಗೇ ಬರುತ್ತದೆ. ತೂಕವೂ ಗಮನದಲ್ಲಿರಲಿ: ಒಂದು ಡಿಸ್ಕ್ 700 ಗ್ರಾಂ ಆಸುಪಾಸು, ಎಂಟಾದರೆ ಐದೂವರೆ ಕಿಲೋ, ಕ್ಯಾಬಿನೆಟ್ ಬೇರೆ.

ಜೋಡಿಸುವ ಕ್ರಮ

ಚಿಕ್ಕ ಪೆಟ್ಟಿಗೆಯಲ್ಲಿ ಕ್ರಮ ತಪ್ಪಿದರೆ ಎಲ್ಲವನ್ನೂ ಮತ್ತೆ ಬಿಚ್ಚಬೇಕು. ಬೋರ್ಡ್, ಪ್ರೊಸೆಸರ್, ಮೆಮೊರಿ, ಕೂಲರ್, ಎಂ.2 ಇವನ್ನು ಮೇಜಿನ ಮೇಲೆಯೇ ಕೂಡಿಸಿ ಒಮ್ಮೆ ಹೊತ್ತಿಸಿ ನೋಡಿ. ಆಮೇಲೆ ಬೋರ್ಡನ್ನು ಒಳಗಿಟ್ಟು, ಎಸ್‌ಎಂಪಿಎಸ್ ಇಡುವ ಮೊದಲೇ ಸಾಟಾ ಕೇಬಲ್‌ಗಳನ್ನೂ ಮುಂಭಾಗದ ಬಟನ್ ತಂತಿಗಳನ್ನೂ ಚುಚ್ಚಿ. ಎಸ್‌ಎಂಪಿಎಸ್ ಬಂದ ಮೇಲೆ ಬೆರಳು ಹೋಗುವುದಿಲ್ಲ. ಸಾಟಾ ಕೇಬಲ್ 30-50 ಸೆಂ.ಮೀ. ಸಾಕು, ಉದ್ದವಾದದ್ದು ಗಾಳಿಗೆ ಪೊದೆಯಾಗುತ್ತದೆ. ಡಿಸ್ಕಿನ ಹಿಂದೆ ಕನೆಕ್ಟರ್ ಬಾಗಲು 30 ಮಿ.ಮೀ. ಇಲ್ಲದಿದ್ದರೆ ಎಲ್ ಆಕಾರದ ತಲೆಯಿರುವ ಕೇಬಲ್ ತನ್ನಿ, ಮೊದಲು ಯಾವ ಕಡೆ ಬಾಗಬೇಕೆಂದು ಖಚಿತ ಮಾಡಿಕೊಂಡು.

ಡಿಸ್ಕ್ ಹಾಕುವ ಮೊದಲು ಪ್ರತಿಯೊಂದರ ಸೀರಿಯಲ್ ಸಂಖ್ಯೆಯ ಕೊನೆಯ ನಾಲ್ಕು ಅಕ್ಷರಗಳನ್ನು ಚೀಟಿಯಲ್ಲಿ ಬರೆದು ಟ್ರೇಯ ಮುಂಭಾಗಕ್ಕೆ ಅಂಟಿಸಿ. ಸರ್ವರ್ ದೂರು ಹೇಳುವಾಗ ಸೀರಿಯಲ್ ಸಂಖ್ಯೆ ಹೇಳುತ್ತದೆ, ‘ಮೇಲಿನಿಂದ ಮೂರನೆಯದು’ ಎನ್ನುವುದಿಲ್ಲ. ಚೀಟಿ ಇಲ್ಲದೆ ಊಹೆಯ ಮೇಲೆ ಆರೋಗ್ಯವಾದ ಡಿಸ್ಕನ್ನು ಎಳೆದರೆ, ಒಂದೇ ಪ್ಯಾರಿಟಿ ಇರುವ ಗುಂಪು ಅಲ್ಲಿಗೆ ನಿಂತಿತು.

ಡೇಟಾ ತುಂಬುವ ಮೊದಲು ಎಲ್ಲ ಡಿಸ್ಕ್‌ಗಳ ಮೇಲೂ ಸ್ಮಾರ್ಟ್‌ನ (ಡಿಸ್ಕ್ ತನ್ನನ್ನೇ ಪರೀಕ್ಷಿಸಿ ವರದಿ ಕೊಡುವ ವ್ಯವಸ್ಥೆ) ದೀರ್ಘ ಪರೀಕ್ಷೆಯನ್ನು ಒಟ್ಟಿಗೆ ಓಡಿಸಿ. ದೊಡ್ಡ ಡಿಸ್ಕಿಗೆ ಅರ್ಧ ದಿನಕ್ಕೂ ಹೆಚ್ಚು ಹಿಡಿಯುತ್ತದೆ. ಮೂರು ನಾಲ್ಕು ಗಂಟೆ ಕಳೆದ ಮೇಲೆ ಎಲ್ಲದರ ತಾಪಮಾನ ಬರೆದುಕೊಳ್ಳಿ. ಅತಿ ಬಿಸಿಯಾದದ್ದಕ್ಕೂ ತಣ್ಣಗಿರುವುದಕ್ಕೂ 6-7 ಡಿಗ್ರಿಗಿಂತ ಹೆಚ್ಚು ಅಂತರವಿದ್ದರೆ ಗಾಳಿ ಸಮವಾಗಿ ಹಂಚಿಕೆಯಾಗುತ್ತಿಲ್ಲ, ರಟ್ಟಿನ ತುಂಡಿಗೆ ಕೆಲಸವಿದೆ. ಎಲ್ಲವೂ ಒಟ್ಟಿಗೆ 45 ದಾಟಿದ್ದರೆ ಫ್ಯಾನ್ ವೇಗ ಏರಿಸಿ ಅಥವಾ ಫ್ಯಾನನ್ನೇ ಬದಲಿಸಿ.

ಅದೇ ವರದಿಯಲ್ಲಿ 199ನೇ ಸಾಲನ್ನು ನೋಡಿ, ಹೆಚ್ಚಿನ ಸಾಟಾ ಡಿಸ್ಕ್‌ಗಳಲ್ಲಿ ಅದು ಸಿಆರ್‌ಸಿ ದೋಷಗಳ ಎಣಿಕೆ. ಡಿಸ್ಕಿಗೂ ಬೋರ್ಡಿಗೂ ನಡುವಿನ ದಾರಿಯಲ್ಲಿ ಡೇಟಾ ಕೆಟ್ಟಾಗ ಏರುವ ಸಂಖ್ಯೆ ಅದು. ಒಮ್ಮೆ ಏರಿದ್ದು ಇಳಿಯುವುದಿಲ್ಲ, ಆದ್ದರಿಂದ ಹಳೆಯ ಡಿಸ್ಕಿನಲ್ಲಿ ಸೊನ್ನೆ ಇಲ್ಲದಿದ್ದರೆ ಗಾಬರಿ ಬೇಡ. ಈಗಿನ ಸಂಖ್ಯೆ ಬರೆದಿಟ್ಟು ವಾರದ ನಂತರ ಮತ್ತೆ ನೋಡಿ. ಏರುತ್ತಿದ್ದರೆ ಡಿಸ್ಕ್ ಬದಲಿಸಲು ಹೊರಡಬೇಡಿ. ಮೊದಲು ಕೇಬಲ್ ಬದಲಿಸಿ. ಆಗಲೂ ನಿಲ್ಲದಿದ್ದರೆ ಅದೇ ಡಿಸ್ಕನ್ನು ಬೇರೆ ಬೇಗೆ ಹಾಕಿ. ಏರಿಕೆ ಅಲ್ಲಿ ನಿಂತು, ಹಳೆಯ ಬೇಗೆ ಬಂದ ಇನ್ನೊಂದು ಡಿಸ್ಕಿನಲ್ಲಿ ಶುರುವಾದರೆ ಕೆಟ್ಟಿರುವುದು ಹೆಚ್ಚಾಗಿ ಬ್ಯಾಕ್‌ಪ್ಲೇನ್. ವಾರಂಟಿ ಮುಗಿಯುವ ಮೊದಲು ಕ್ಯಾಬಿನೆಟ್ ಮಾರಿದವರಿಗೆ ದೂರು ಕೊಡಿ.